ಹತ್ತು ಡಾಲರ್ ಕೊಟ್ಟು ಸೇರಿದವರು: ಇಂಡಿಯಾನಾ ಕ್ಲಾನ್‌ನ ಪ್ರಕರಣ

1995ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ನೋಬಲ್ಸ್‌ವಿಲ್ ಎಂಬ ಊರಿನ ಹಳೇ ಕೊಟ್ಟಿಗೆಯೊಂದರಲ್ಲಿ ಒಂದು ಟ್ರಂಕು ಸಿಕ್ಕಿತು. ತೆರೆದು ನೋಡಿದರೆ ಬಿಳಿಯರ ಮೇಲುಗೈಗಾಗಿ ಕಟ್ಟಿದ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್‌ಗೆ ಸೇರಿದ ಸಾಮಾನು, ಜೊತೆಗೆ 1920ರ ದಶಕದ ಮೆಂಬರ್‌ಶಿಪ್ ದಾಖಲೆಗಳು. ನೂರಾರು ಹೆಸರು. ಊರಲ್ಲಿ ಗುಸುಗುಸು ಎದ್ದಿತು. ಆ ಹೆಸರುಗಳಲ್ಲಿ ಹಲವು ಈಗಲೂ ಆ ಊರಿನಲ್ಲಿರುವ ಮನೆತನಗಳವು. ಯಾರದೋ ತಾತ, ಯಾರದೋ ಮುತ್ತಾತ.

ಕ್ಲಾನ್ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಬಿಳಿ ಮುಸುಕು, ಉರಿಯುವ ಶಿಲುಬೆ, ಅಮೆರಿಕದ ದಕ್ಷಿಣದ ಹತ್ತಿ ಹೊಲಗಳು. ಇಂಡಿಯಾನಾ ದಕ್ಷಿಣದ ರಾಜ್ಯ ಅಲ್ಲ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ರಾಜ್ಯಗಳ ವಿರುದ್ಧ ಸುಮಾರು ಎರಡು ಲಕ್ಷ ಸೈನಿಕರನ್ನು ಕಳಿಸಿದ ರಾಜ್ಯ ಅದು. ಜೋಳದ ಹೊಲ, ಸಣ್ಣ ಸಣ್ಣ ಕಾರ್ಖಾನೆ ಊರುಗಳು, ಬೀದಿಗೊಂದು ಚರ್ಚು. 1920ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 29 ಲಕ್ಷ ಜನ. ಅವರಲ್ಲಿ ಕಪ್ಪು ಜನ ನೂರಕ್ಕೆ ಮೂರರಷ್ಟೂ ಇರಲಿಲ್ಲ. ಹೊರದೇಶದಲ್ಲಿ ಹುಟ್ಟಿದವರು ನೂರಕ್ಕೆ ಐದರಷ್ಟು. ಆದರೂ ಮುಂದಿನ ನಾಲ್ಕೈದು ವರ್ಷದಲ್ಲಿ ಅಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕ್ಲಾನ್ ಸೇರಿದರು. ಅಮೆರಿಕದಲ್ಲೇ ಹುಟ್ಟಿದ ಅಲ್ಲಿನ ಬಿಳಿ ಗಂಡಸರ ಲೆಕ್ಕ ತೆಗೆದರೆ, ನಾಲ್ವರಲ್ಲಿ ಒಬ್ಬ ಅಥವಾ ಮೂವರಲ್ಲಿ ಒಬ್ಬ.

ಯಾಕೆ ಸೇರಿದರು? ಈ ಪ್ರಶ್ನೆಗೆ "ದ್ವೇಷ ತುಂಬಿದ ಜನ, ಅದಕ್ಕೇ ಸೇರಿದರು" ಅನ್ನೋದು ಸುಲಭದ ಉತ್ತರ. ನನಗೂ ಮೊದಲು ಹಾಗೇ ಅನ್ನಿಸಿತ್ತು. ದಾಖಲೆಗಳನ್ನು ನೋಡುತ್ತಾ ಹೋದಂತೆ ಅದಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವ ಉತ್ತರ ಸಿಗುತ್ತದೆ.

ಲಾಡ್ಜ್ ಮಾರುತ್ತಿದ್ದ ಮನುಷ್ಯ

ಮೊದಲನೇ ಕ್ಲಾನ್ ಹುಟ್ಟಿದ್ದು ಅಂತರ್ಯುದ್ಧ ಮುಗಿದ ಕೂಡಲೇ, ಟೆನೆಸಿ ರಾಜ್ಯದ ಪುಲಾಸ್ಕಿ ಊರಿನಲ್ಲಿ. ಸೋತ ದಕ್ಷಿಣದ ಮಾಜಿ ಸೈನಿಕರು ಕಟ್ಟಿದ್ದು. ಬಿಡುಗಡೆಯಾದ ಕಪ್ಪು ಜನರನ್ನು ಮತ್ತು ಅವರ ಪರ ನಿಂತವರನ್ನು ಹೊಡೆದು, ಕೊಂದು, ಹೆದರಿಸಿ ಮತದಾನದಿಂದ ದೂರ ಇಡೋದೇ ಅದರ ಕೆಲಸವಾಯಿತು. 1871ರ ಕಾನೂನು ಬಂದ ಮೇಲೆ ಅದು ಅಡಗಿತು.

ಎರಡನೇ ಕ್ಲಾನನ್ನು ಎಬ್ಬಿಸಿದವನು ವಿಲಿಯಂ ಸಿಮನ್ಸ್. ಒಂದು ಕಾಲಕ್ಕೆ ಮೆಥಡಿಸ್ಟ್ ಚರ್ಚಿನ ಬೋಧಕ. ಆಮೇಲೆ ಅವನ ಹೊಟ್ಟೆಪಾಡು ಯಾವುದು ಗೊತ್ತಾ? ಲಾಡ್ಜ್‌ಗಳಿಗೆ ಮೆಂಬರ್ ಮಾಡಿಸೋದು. ಲಾಡ್ಜ್ ಅಂದರೆ ತಂಗುವ ಹೋಟೆಲ್ ಅಲ್ಲ, ಗುಟ್ಟಿನ ವಿಧಿಗಳಿದ್ದ ಸಹೋದರ ಸಂಘ. "ವುಡ್‌ಮನ್ ಆಫ್ ದಿ ವರ್ಲ್ಡ್" ಎಂಬ ಸಂಘಕ್ಕೆ ಜನರನ್ನು ಸೇರಿಸಿ ಕಮಿಷನ್ ಪಡೆಯುತ್ತಿದ್ದ. ಈ ಒಂದು ವಿಷಯವನ್ನು ಹಿಡಿದುಕೊಳ್ಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಆ ಕಾಲದ ಅಮೆರಿಕ ಲಾಡ್ಜ್‌ಗಳ ದೇಶ. ಮೇಸನ್‌ಗಳು, ಆಡ್ ಫೆಲೋಗಳು, ನೈಟ್ಸ್ ಆಫ್ ಪಿಥಿಯಾಸ್, ರೆಡ್ ಮೆನ್. ಸಣ್ಣ ಊರಲ್ಲೂ ನಾಲ್ಕೈದು ಇರುತ್ತಿದ್ದವು. ವಾರಕ್ಕೊಮ್ಮೆ ರಾತ್ರಿ ಗಂಡಸರು ಮಹಡಿಯ ಮೇಲಿನ ಹಾಲ್‌ನಲ್ಲಿ ಸೇರುತ್ತಿದ್ದರು. ಬಾಗಿಲಲ್ಲಿ ಗುಪ್ತ ಪದ ಹೇಳಬೇಕು. ಕೈ ಕುಲುಕೋದಕ್ಕೂ ಒಂದು ಗುಟ್ಟಿನ ರೀತಿ. ಒಳಗೆ ಪ್ರಮಾಣ, ದೀಕ್ಷೆ, ನಿಲುವಂಗಿ, ಪದವಿ. ಇದೆಲ್ಲ ಬರೀ ಆಟ ಅಂದುಕೊಳ್ಳಬೇಡಿ. ಸರ್ಕಾರದ ಪಿಂಚಣಿ ಇಲ್ಲದ ಕಾಲ ಅದು. ಸೋಷಿಯಲ್ ಸೆಕ್ಯುರಿಟಿ ಕಾನೂನು ಬಂದದ್ದೇ 1935ರಲ್ಲಿ. ಕೈ ಮುರಿದುಕೊಂಡು ಮನೆಯಲ್ಲಿ ಬಿದ್ದರೆ ವಾರದ ದುಡ್ಡು ಕಳಿಸುತ್ತಿದ್ದದ್ದು ಲಾಡ್ಜ್. ಸತ್ತರೆ ಮಣ್ಣು ಮಾಡೋ ಖರ್ಚು ಕೊಟ್ಟು, ಹೆಂಡತಿಯ ಕೈಗೆ ಒಂದಿಷ್ಟು ಹಣ ಇಡುತ್ತಿದ್ದದ್ದೂ ಲಾಡ್ಜ್. ಬಿಳಿಯರ ಲಾಡ್ಜ್‌ಗಳು ಸೇರಿಸಿಕೊಳ್ಳದಿದ್ದಾಗ ಕಪ್ಪು ಜನ ಪ್ರಿನ್ಸ್ ಹಾಲ್ ಮೇಸನ್‌ಗಳಂಥ ತಮ್ಮದೇ ಲಾಡ್ಜ್ ಕಟ್ಟಿಕೊಂಡಿದ್ದರು. ಕಷ್ಟಕ್ಕೆ ಆಗುವ ನಾಲ್ಕು ಜನ ಬೇಕು ಅನ್ನೋ ಆಸೆಯಲ್ಲಿ ತಪ್ಪೇನಿದೆ? ಮನುಷ್ಯನಿಗೆ ಅದು ಊಟದಷ್ಟೇ ಬೇಕಾದದ್ದು.

ಸಿಮನ್ಸ್‌ಗೆ ಈ ಹಸಿವು ಚೆನ್ನಾಗಿ ಗೊತ್ತಿತ್ತು. 1915ರ ನವೆಂಬರ್ 25ರ ರಾತ್ರಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಸುಮಾರು ಹದಿನೈದು ಜನರನ್ನು ಕರೆದುಕೊಂಡು ಅಟ್ಲಾಂಟಾ ಹತ್ತಿರದ ಸ್ಟೋನ್ ಮೌಂಟನ್ ಹತ್ತಿ ಶಿಲುಬೆ ಉರಿಸಿದ. ಹಳೇ ಕ್ಲಾನನ್ನು ವೀರರ ಪಡೆಯಂತೆ ತೋರಿಸಿದ ಒಂದು ಮೂಕಿ ಸಿನಿಮಾ ಅದೇ ವರ್ಷ ದೇಶವನ್ನೆಲ್ಲ ಹುಚ್ಚೆಬ್ಬಿಸಿತ್ತು. ಅದರ ಗಾಳಿ ಇವನಿಗೆ ಸಿಕ್ಕಿತು. ತಾನು ಕಟ್ಟುತ್ತಿರುವುದು ಒಂದು ಸಹೋದರ ಸಂಘ ಎಂದೇ ಅವನು ಹೇಳಿಕೊಂಡ. ಹೊಸ ಹೆಸರುಗಳನ್ನೆಲ್ಲ ಸ್ವತಃ ಕೂತು ಹೆಣೆದ. ಸಭೆ ಸೇರುವ ಜಾಗ "ಕ್ಲಾವರ್ನ್", ಪೂಜಾವಿಧಿಯ ಪುಸ್ತಕ "ಕ್ಲೋರಾನ್", ಮೆಂಬರ್ ಮಾಡಿಸೋ ಏಜೆಂಟ್ "ಕ್ಲೀಗಲ್". ವಾರದ ದಿನಗಳಿಗೂ ಬೇರೆ ಹೆಸರು.

ಐದು ವರ್ಷ ಕಳೆದರೂ ಮೆಂಬರ್‌ಗಳು ಕೆಲವೇ ಸಾವಿರ. 1920ರಲ್ಲಿ ಸಿಮನ್ಸ್ ಇಬ್ಬರು ಪ್ರಚಾರ ಏಜೆಂಟರನ್ನು ಹಿಡಿದ. ಎಡ್ವರ್ಡ್ ಯಂಗ್ ಕ್ಲಾರ್ಕ್ ಮತ್ತು ಎಲಿಜಬೆತ್ ಟೈಲರ್. ಅವರು ಇದನ್ನು ವ್ಯಾಪಾರದ ಹಾಗೆ ಕಟ್ಟಿದರು. ಸೇರುವ ಫೀಸು ಹತ್ತು ಡಾಲರ್. ಅದರಲ್ಲಿ ನಾಲ್ಕು ಡಾಲರ್ ಆ ಮೆಂಬರನ್ನು ಹಿಡಿದು ತಂದ ಏಜೆಂಟನಿಗೆ. ಉಳಿದದ್ದು ಮೇಲಿನ ಮೆಟ್ಟಿಲುಗಳಿಗೆ ಹಂಚಿಕೆಯಾಗುತ್ತಾ ಅಟ್ಲಾಂಟಾ ತಲುಪುತ್ತಿತ್ತು. ಫೋರ್ಡ್ ಕಾರ್ಖಾನೆ ದಿನಕ್ಕೆ ಐದು ಡಾಲರ್ ಕೊಟ್ಟಾಗ ದೇಶವೇ ಬೆರಗಾಗಿತ್ತು. ಅಂದರೆ ಒಳ್ಳೇ ಸಂಬಳದವನಿಗೂ ಹತ್ತು ಡಾಲರ್ ಎರಡು ದಿನದ ದುಡಿಮೆ. ನಿಲುವಂಗಿಗೆ ಬೇರೆ ದುಡ್ಡು, ಆರೂವರೆ ಡಾಲರ್. ಮನೆಯಲ್ಲೇ ಹೊಲಿಸಿಕೊಂಡರೆ ಆಗುತ್ತಿರಲಿಲ್ಲ. ಅವರ ಹತ್ತಿರವೇ ಕೊಳ್ಳಬೇಕು.

ಏಜೆಂಟರಿಗೆ ಕೊಟ್ಟ ಪಾಠ ಸರಳವಾಗಿತ್ತು. ಊರಿಗೆ ಹೋದ ಕೂಡಲೇ ಏನನ್ನೂ ಮಾರಬೇಡ. ಮೊದಲು ಕೇಳು. ಈ ಊರಿನವರಿಗೆ ಯಾವುದರ ಮೇಲೆ ಸಿಟ್ಟು? ಕಳ್ಳ ಸಾರಾಯಿಯೇ (ಆಗ ದೇಶದಲ್ಲೆಲ್ಲ ಪಾನನಿಷೇಧ)? ಕ್ಯಾಥೊಲಿಕ್ ಶಾಲೆಯೇ? ಇಟಲಿಯಿಂದ ಬಂದ ಕೂಲಿಗಳೇ? ರಾತ್ರಿ ಕಾರಿನಲ್ಲಿ ಸುತ್ತುವ ಹುಡುಗ ಹುಡುಗಿಯರೇ? ಯಾವುದು ಸಿಗುತ್ತೋ ಅದಕ್ಕೆ ಮದ್ದು ಕ್ಲಾನ್ ಎಂದು ಹೇಳು. ಪಾದ್ರಿಗಳಿಗೆ ಫೀಸಿಲ್ಲ, ಪುಕ್ಕಟೆ ಸೇರಿಸಿಕೋ. ಮೇಸನ್‌ಗಳ ಹತ್ತಿರ ಮೊದಲು ಹೋಗು, ಅವರಿಗೆ ಈಗಾಗಲೇ ಲಾಡ್ಜ್ ರೂಢಿ ಇದೆ. ಎಷ್ಟೋ ಮೇಸನ್ ಮುಖಂಡರು ಕ್ಲಾನನ್ನು ಬಹಿರಂಗವಾಗಿ ಖಂಡಿಸಿದರು, ಅದನ್ನೂ ಹೇಳಬೇಕು. ಕೆಳಗಿನವರು ಎಲ್ಲರೂ ಕೇಳಲಿಲ್ಲ.

1921ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆ ಮೂರು ವಾರ ಎಡೆಬಿಡದೆ ಕ್ಲಾನ್‌ನ ಬಂಡವಾಳ ಬಯಲು ಮಾಡಿತು. ಸಂಸತ್ತು ವಿಚಾರಣೆ ನಡೆಸಿತು. ಇಷ್ಟಾದ ಮೇಲೆ ಕ್ಲಾನ್ ಕುಸಿಯಬೇಕಿತ್ತು, ಅಲ್ವಾ? ಆದದ್ದು ಉಲ್ಟಾ. ಹೆಸರೇ ಕೇಳಿರದ ಊರುಗಳಿಂದ ಮೆಂಬರ್ ಆಗೋದು ಹೇಗೆ ಎಂದು ಕೇಳಿ ಪತ್ರಗಳು ಬಂದವು.

ಕೊಕೊಮೊ ಊರಿನ ಒಂದು ದಿನ

ಇಂಡಿಯಾನಾಕ್ಕೆ ಕ್ಲಾನ್ ಕಾಲಿಟ್ಟದ್ದು 1920ರಲ್ಲಿ, ಒಹಾಯೋ ನದಿಯ ದಡದ ಎವಾನ್ಸ್‌ವಿಲ್ ಊರಿನಿಂದ. ಅಲ್ಲಿಗೆ ಡಿ. ಸಿ. ಸ್ಟೀಫನ್‌ಸನ್ ಎಂಬ ಯುವಕ ಬಂದ. 1891ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದವನು. ಪ್ರೆಸ್‌ಗಳಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಮಾಡಿದ್ದ. ಸೋಷಿಯಲಿಸ್ಟ್ ಪಾರ್ಟಿಯಲ್ಲೂ ಓಡಾಡಿದ್ದ. ಎವಾನ್ಸ್‌ವಿಲ್‌ನಲ್ಲಿ ಕಲ್ಲಿದ್ದಲು ವ್ಯಾಪಾರಕ್ಕೆ ಸೇರಿಕೊಂಡ. ಮಾತುಗಾರ. ಎದುರಿಗಿರುವವನಿಗೆ ಏನು ಬೇಕೋ ಅದನ್ನೇ ಹೇಳಬಲ್ಲವನು. ಎರಡೇ ವರ್ಷದಲ್ಲಿ ಇಡೀ ರಾಜ್ಯದ ಕ್ಲಾನ್ ಅವನ ಕೈಗೆ ಬಂತು.

1923ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಕೊಕೊಮೊ ಊರಿನ ಮೆಲ್‌ಫಾಲ್ಫಾ ಪಾರ್ಕ್. ಆ ಊರಿಗೆ ಈ ತಾರೀಖಿನ ಮೇಲೆ ಮೊದಲೇ ಹೆಮ್ಮೆ. 1894ರ ಇದೇ ದಿನ ಎಲ್‌ವುಡ್ ಹೇನ್ಸ್ ತನ್ನ ಮೋಟಾರು ಗಾಡಿಯನ್ನು ಮೊದಲು ಓಡಿಸಿದ್ದು ಅಲ್ಲೇ. ಈ ಸಲ ಊರಿಗೆ ಬಂದದ್ದು ಕ್ಲಾನ್ ಜಾತ್ರೆ. ಸುತ್ತಲ ರಾಜ್ಯಗಳಿಂದಲೂ ಜನ ಕಾರುಗಳಲ್ಲಿ, ರೈಲುಗಳಲ್ಲಿ ಬಂದರು. ಎಷ್ಟು ಜನ ಅನ್ನೋದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ತೀರಾ ಕಡಿಮೆ ಹೇಳಿದವರೂ ಹತ್ತಾರು ಸಾವಿರ ಅಂದರು, ಕ್ಲಾನ್‌ನವರು ಎರಡು ಲಕ್ಷ ಅಂದರು.

ಬೆಳಗಿನಿಂದ ಬ್ಯಾಂಡು ಬಾರಿಸುತ್ತಿತ್ತು. ಉದ್ದದ ಮೇಜುಗಳ ಮೇಲೆ ರಾಶಿ ಮಾಂಸ, ಬನ್ನು, ಪೈ. ಮರದ ನೆರಳಲ್ಲಿ ಹೆಂಗಸರು ಮಕ್ಕಳಿಗೆ ಊಟ ಹಾಕುತ್ತಿದ್ದರು. ಸ್ಟೀಫನ್‌ಸನ್ ವಿಮಾನದಲ್ಲಿ ಬಂದಿಳಿದ. ವಿಮಾನ ನೋಡೋದೇ ಒಂದು ಅಪರೂಪ ಆಗ. ನೇರಳೆ ನಿಲುವಂಗಿ ತೊಟ್ಟು ಇಂಡಿಯಾನಾದ "ಗ್ರ್ಯಾಂಡ್ ಡ್ರ್ಯಾಗನ್" ಪಟ್ಟ ಏರಿದ. ಸಂಜೆ ಮುಸುಕು ಹಾಕಿದ ಸಾವಿರಾರು ಜನ ಪೇಟೆ ಬೀದಿಯಲ್ಲಿ ಮೆರವಣಿಗೆ ಹೋದರು. ಪಂಜು, ಬಾವುಟ. ಆಮೇಲೆ ಕತ್ತಲಲ್ಲಿ ಶಿಲುಬೆಗಳು ಉರಿದವು.

ಇಂಥ ಮೆರವಣಿಗೆಗಳ ಬಗ್ಗೆ ಆಗ ಮಕ್ಕಳಾಗಿದ್ದವರು ಮುದುಕರಾದ ಮೇಲೆ ಹೇಳುತ್ತಿದ್ದ ಒಂದು ಸಣ್ಣ ವಿಷಯ ನನ್ನ ತಲೆಯಿಂದ ಹೋಗುವುದಿಲ್ಲ. ಅವರು ಫುಟ್‌ಪಾತಿನ ಅಂಚಿನಲ್ಲಿ ಕೂತು ಬೂಟು ನೋಡುತ್ತಿದ್ದರಂತೆ. ಮುಖಕ್ಕೆ ಮುಸುಕು ಇದ್ದರೂ ಕೆಳಗೆ ಬೂಟು ಕಾಣುತ್ತದಲ್ಲ. ಇದು ಕಿರಾಣಿ ಅಂಗಡಿಯವನ ಬೂಟು, ಇದು ನಮ್ಮ ಮೇಷ್ಟ್ರದು, ಇದು ಅಪ್ಪನದು. ಗುಟ್ಟು ಅನ್ನೋದು ಹೆಸರಿಗೆ ಮಾತ್ರ. ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಹಾಗಾದರೆ ಮುಸುಕು ಯಾಕೆ? ಎರಡು ಕೆಲಸಕ್ಕೆ. ಒಳಗಿರುವವನಿಗೆ "ನಾನೊಬ್ಬನೇ ಅಲ್ಲ, ನಾನು ಯಾವುದೋ ದೊಡ್ಡದರ ಭಾಗ" ಎನ್ನಿಸೋದಕ್ಕೆ. ಹೊರಗಿರುವವನಿಗೆ ಎದುರಿಗೆ ನಿಂತಿರೋದು ಪಕ್ಕದ ಮನೆಯವನಲ್ಲ, ಒಂದು ಶಕ್ತಿ ಎನ್ನಿಸೋದಕ್ಕೆ.

ಹತ್ತು ಡಾಲರಿಗೆ ಏನು ಸಿಕ್ಕಿತು

ಒಬ್ಬ ಕ್ಷೌರಿಕನನ್ನು ಕಲ್ಪಿಸಿಕೊಳ್ಳಿ. ಹಗಲೆಲ್ಲ ಬ್ಯಾಂಕಿನವರ, ವಕೀಲರ ಗಡ್ಡ ಕೆರೆಯುತ್ತಾನೆ. ಅವರು ಇವನ ಹೆಸರು ಹಿಡಿದು ಕರೆಯುತ್ತಾರೆ, ಇವನು ಅವರನ್ನು ಸಾರ್ ಅನ್ನುತ್ತಾನೆ. ರಾತ್ರಿ ಕ್ಲಾವರ್ನ್‌ನಲ್ಲಿ ಎಲ್ಲರದೂ ಒಂದೇ ನಿಲುವಂಗಿ. ಅಲ್ಲಿ ಇವನು ಕಾರ್ಯದರ್ಶಿ, "ಕ್ಲಿಗ್ರಾಪ್". ಇನ್ನೂ ಅದೃಷ್ಟ ಇದ್ದರೆ ಊರಿನ ಘಟಕದ ಮುಖ್ಯಸ್ಥ, "ಎಕ್ಸಾಲ್ಟೆಡ್ ಸೈಕ್ಲೋಪ್ಸ್". ಬೀದಿಯಲ್ಲಿ ಯಾರಾದರೂ ಎದುರಾಗಿ "ಅಯಾಕ್?" ಎಂದರೆ ಇವನು "ಅಕಿಯಾ" ಅನ್ನಬೇಕು. "ನೀನು ಕ್ಲಾನ್‌ನವನಾ?" "ಹೌದು, ನಾನು ಕ್ಲಾನ್‌ನವನು." ಇಂಗ್ಲಿಷ್ ವಾಕ್ಯದ ಮೊದಲ ಅಕ್ಷರಗಳು, ಅಷ್ಟೇ. ಆದರೆ ಅಪರಿಚಿತ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಆ ಎರಡು ಪದ ಕೇಳಿದಾಗ ಎದೆ ಹೇಗೆ ಬೆಚ್ಚಗಾಗಿರಬೇಕು ಅನ್ನೋದನ್ನು ನಾನು ಊಹಿಸಬಲ್ಲೆ.

ದೀಕ್ಷೆ ರಾತ್ರಿ ಹೊತ್ತು, ಎಷ್ಟೋ ಸಲ ಬಯಲಿನಲ್ಲಿ. ನಡುವೆ ಒಂದು ಪೀಠ. ಅದರ ಮೇಲೆ ರೋಮನ್ನರಿಗೆ ಬರೆದ ಪತ್ರದ 12ನೇ ಅಧ್ಯಾಯ ತೆರೆದಿಟ್ಟ ಬೈಬಲ್, ರಾಷ್ಟ್ರಧ್ವಜ, ಒರೆಯಿಂದ ತೆಗೆದ ಕತ್ತಿ, ಒಂದು ಪಾತ್ರೆ ನೀರು. ಸುತ್ತ ಕತ್ತಲು, ಎತ್ತರದಲ್ಲಿ ಬೆಂಕಿ. ಸೇರದವನನ್ನು ಅವರು "ಏಲಿಯನ್" ಅನ್ನುತ್ತಿದ್ದರು, ಅಂದರೆ ಪರದೇಶಿ. ತನ್ನ ಊರಲ್ಲೇ ಹುಟ್ಟಿ ಬೆಳೆದ ನೆರೆಯವನೂ ಪರದೇಶಿ. ಪ್ರಮಾಣ ಮುಗಿದ ಮೇಲೆ ಮಂಡಿಯೂರಿದವನು ಏಳುವಾಗ ಕ್ಲಾನ್ ಎಂಬ ರಾಜ್ಯದ ಪ್ರಜೆ.

ಹೆಂಗಸರಿಗೂ ಜಾಗ ಇತ್ತು. 1923ರಲ್ಲಿ ಹೆಂಗಸರ ಕ್ಲಾನ್ ಬೇರೆಯಾಗಿ ಶುರುವಾಯಿತು. ಅಮೆರಿಕದ ಹೆಂಗಸರಿಗೆ ಓಟು ಬಂದು ಆಗ ಮೂರೇ ವರ್ಷ. ಇಂಡಿಯಾನಾದಲ್ಲಿ ಅದನ್ನು ನಡೆಸಿದ ಡೈಸಿ ಡಗ್ಲಸ್ ಬಾರ್ ಕ್ವೇಕರ್ ಪಂಥದ ಬೋಧಕಿ. ಶಾಂತಿಗೆ, ಗುಲಾಮಗಿರಿ ವಿರೋಧಕ್ಕೆ ಹೆಸರಾದ ಪಂಥ ಅದು! ಪಾನನಿಷೇಧಕ್ಕೆ ವರ್ಷಗಟ್ಟಲೆ ದುಡಿದಿದ್ದ ಆಕೆಯ ಮಾತಿಗೆ ಊರೂರಲ್ಲಿ ಬೆಲೆ ಇತ್ತು. ಮನೆಯಲ್ಲಿ ಕುಡುಕ ಗಂಡನ ಹೊಡೆತ ತಿಂದ ಹೆಂಗಸಿಗೆ "ಕಳ್ಳ ಸಾರಾಯಿ ಅಡ್ಡೆ ಮುಚ್ಚಿಸುತ್ತೇವೆ" ಎನ್ನುವ ಗುಂಪು ಸುಮ್ನೆ ಹೋಗಿಬಿಡುವ ವಿಷಯ ಅಲ್ಲ. ಆಸೆ ಹುಟ್ಟುತ್ತದೆ.

ಇನ್ನು ಚರ್ಚ್. ಭಾನುವಾರದ ಪ್ರಾರ್ಥನೆ ನಡೆಯುತ್ತಿರುತ್ತದೆ. ಬಾಗಿಲು ತೆರೆದು ಮುಸುಕಿನ ಸಾಲು ಒಳಗೆ ಬರುತ್ತದೆ. ಒಂದು ಮಾತಿಲ್ಲ. ಪಾದ್ರಿಯ ಕೈಗೆ ಒಂದು ಲಕೋಟೆ, ಅದರಲ್ಲಿ ಚರ್ಚಿಗೆ ದೇಣಿಗೆ. ಬಂದ ಹಾಗೇ ಸಾಲಾಗಿ ಹೊರಗೆ. ಚಾವಣಿ ಸೋರುವ ಸಣ್ಣ ಚರ್ಚಿನ ಪಾದ್ರಿ ಮುಂದಿನ ವಾರ ಏನು ಬೋಧಿಸುತ್ತಾನೆ ಅಂತೀರಿ?

ಒಂದು ಹಂತ ದಾಟಿದ ಮೇಲೆ ಸೇರುವ ಕಾರಣವೇ ಬೇರೆಯಾಗುತ್ತದೆ. ಮೇಯರ್ ಸೇರಿದ್ದಾನೆ, ಪೊಲೀಸಿನವನು ಸೇರಿದ್ದಾನೆ, ಪಾದ್ರಿ ಸೇರಿದ್ದಾನೆ. ಅಂಗಡಿ ಕಿಟಕಿಗಳಲ್ಲಿ "ಟಿ.ಡಬ್ಲ್ಯೂ.ಕೆ." ಎಂಬ ಚೀಟಿ. ಕ್ಲಾನ್‌ನವರ ಹತ್ತಿರವೇ ವ್ಯಾಪಾರ ಮಾಡಿ ಎಂದು ಅರ್ಥ. ಚೀಟಿ ಇಲ್ಲದ ಅಂಗಡಿಗೆ ಗಿರಾಕಿ ಬರೋದಿಲ್ಲ. ಆಗ ದಿನಸಿ ಮಾರುವವನು ಒಂದು ಸಂಜೆ ಹತ್ತು ಡಾಲರ್ ಎಣಿಸಿ ಕೊಡುತ್ತಾನೆ. ಇವನು ಸೇರಿದ್ದು ಸಿಟ್ಟಿನಿಂದಲ್ಲ, ಹೊರಗುಳಿಯುವ ಭಯದಿಂದ.

ಇತಿಹಾಸಕಾರ ಲಿಯೊನಾರ್ಡ್ ಮೂರ್ ಇಂಡಿಯಾನಾದ ಮೆಂಬರ್‌ಶಿಪ್ ದಾಖಲೆಗಳನ್ನು ಅಲ್ಲಿನ ಬೇರೆ ದಾಖಲೆಗಳ ಜೊತೆ ಇಟ್ಟು ನೋಡಿದರು. ಸೇರಿದವರು ಕೆಲಸವಿಲ್ಲದ ಪುಂಡರೂ ಅಲ್ಲ, ಓದುಬರಹ ಇಲ್ಲದ ಬಡವರೂ ಅಲ್ಲ. ಗುಮಾಸ್ತರು, ಕುಶಲ ಕೆಲಸಗಾರರು, ಅಂಗಡಿಯವರು, ರೈತರು. ಆ ಊರುಗಳ ಬಿಳಿ ಪ್ರಾಟೆಸ್ಟೆಂಟ್ ಸಮಾಜ ಹೇಗಿತ್ತೋ ಕ್ಲಾನ್ ಕೂಡ ಹೆಚ್ಚುಕಡಿಮೆ ಹಾಗೇ ಇತ್ತು.

ಹಾಗಾದರೆ ದ್ವೇಷ ಎಲ್ಲಿತ್ತು?

ಇಲ್ಲಿ ಒಂದು ಅಪಾಯ ಇದೆ. ಇಷ್ಟು ಓದಿದವರಿಗೆ "ಪಾಪ, ಅವರೆಲ್ಲ ಒಳ್ಳೆಯವರೇ, ಪಿಕ್‌ನಿಕ್ಕಿಗೆ ಹೋದವರು" ಅನ್ನಿಸಬಹುದು. ನಾನು ಅದನ್ನು ಒಪ್ಪುವುದಿಲ್ಲ. ಕಾರಣ ಕ್ಲೋರಾನ್‌ನಲ್ಲೇ ಇದೆ. ಪ್ರಮಾಣಕ್ಕೆ ಮೊದಲು ಸೇರುವವನಿಗೆ ಸಾಲಾಗಿ ಪ್ರಶ್ನೆ ಕೇಳುತ್ತಿದ್ದರು. ನೀನು ಇಲ್ಲೇ ಹುಟ್ಟಿದ, ಯೆಹೂದಿಯಲ್ಲದ ಬಿಳಿ ಅಮೆರಿಕನ್ ಪ್ರಜೆಯೇ? ಬಿಳಿಯರ ಮೇಲುಗೈ ಎಂದೆಂದಿಗೂ ಉಳಿಯುವಂತೆ ದುಡಿಯುತ್ತೀಯಾ? ಒಬ್ಬೊಬ್ಬನೂ ಬಾಯಿಬಿಟ್ಟು "ಹೌದು" ಎಂದಿದ್ದ. ಊಟಕ್ಕೆ ಬಂದವನೂ ಎಂದಿದ್ದ, ವ್ಯಾಪಾರಕ್ಕೆ ಬಂದವನೂ ಎಂದಿದ್ದ.

ಆ "ಹೌದು" ಎಷ್ಟು ಹಗುರವಾಗಿ ಬಂತೋ ಅಷ್ಟೇ ಭಾರವಾಗಿ ಬೇರೆಯವರ ಮೇಲೆ ಬಿತ್ತು. ಯೆಹೂದಿಗಳ, ಕ್ಯಾಥೊಲಿಕರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಹೆಂಗಸರು ಬಾಯಿಂದ ಬಾಯಿಗೆ ಚಾಡಿ ಹಬ್ಬಿಸಿದರು. ತಲೆಮಾರುಗಳಿಂದ ಇದ್ದ ಅಂಗಡಿಗಳು ಬಾಗಿಲು ಹಾಕಿಕೊಂಡವು. ಕ್ಯಾಥೊಲಿಕ್ ಮೇಷ್ಟ್ರುಗಳ ಕೆಲಸ ಹೋಯಿತು. ಕಪ್ಪು ಜನರ ಬೀದಿಗಳಲ್ಲೇ ಮೆರವಣಿಗೆ ತೆಗೆದರು. ಕುದುರೆ ಕಳ್ಳರನ್ನು ಹಿಡಿಯೋದಕ್ಕೆ ಹಳೇ ಕಾಲದಲ್ಲಿ ಮಾಡಿದ್ದ ಒಂದು ಕಾನೂನು ಇಂಡಿಯಾನಾದಲ್ಲಿ ಇನ್ನೂ ಉಳಿದಿತ್ತು. ಅದರ ಸಂಘದವರಿಗೆ ಪೊಲೀಸರ ಹಾಗೆ ಜನರನ್ನು ತಡೆದು ನಿಲ್ಲಿಸುವ ಅಧಿಕಾರ ಇತ್ತು. ಕುದುರೆಗಳು ಹೋಗಿ ಕಾರು ಬಂದಿದ್ದವು. ಕ್ಲಾನ್‌ನವರು ಆ ಸಂಘದೊಳಗೆ ಸೇರಿಕೊಂಡು ರಸ್ತೆಯಲ್ಲಿ ಕಾರು ನಿಲ್ಲಿಸಿ, ಮನೆಗಳಿಗೆ ನುಗ್ಗಿ ಸಾರಾಯಿ ಹುಡುಕಿದರು. ಕಾನೂನೇ ಅವರ ಕೈಯಲ್ಲಿತ್ತು.

ಕ್ಯಾಥೊಲಿಕರ ಧರ್ಮಗುರು ಪೋಪ್ ಅಮೆರಿಕವನ್ನು ವಶಪಡಿಸಿಕೊಳ್ಳಲು ಬರುತ್ತಿದ್ದಾನೆ ಎಂದು ಭಾಷಣ ಮಾಡುತ್ತಿದ್ದರು. ನಾರ್ತ್ ಮ್ಯಾಂಚೆಸ್ಟರ್ ಎಂಬ ಊರಿನ ಬಗ್ಗೆ ಒಂದು ಕಥೆ ಈಗಲೂ ಹೇಳುತ್ತಾರೆ. ಪೋಪ್ ನಾಳೆ ಈ ರೈಲಿನಲ್ಲೇ ಬರಬಹುದು ಎಂದು ಭಾಷಣಕಾರ ಹೇಳಿದ್ದನ್ನು ನಂಬಿ ದೊಡ್ಡ ಗುಂಪು ಸ್ಟೇಷನ್ನಿಗೆ ಹೋಯಿತಂತೆ. ಇಳಿದವನು ಒಬ್ಬನೇ, ಹೆಂಗಸರ ಒಳಉಡುಪು ಮಾರುವ ಸೇಲ್ಸ್‌ಮನ್. ತಾನು ಪೋಪ್ ಅಲ್ಲ ಎಂದು ಒಪ್ಪಿಸೋದಕ್ಕೆ ಅವನಿಗೆ ಸಾಕುಬೇಕಾಯಿತು. ಈ ಕಥೆಗೆ ನಗುತ್ತಾರೆ. ನನಗೆ ಆ ಸೇಲ್ಸ್‌ಮನ್ನಿನ ಮುಖ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ. ಸುತ್ತ ಒಂದು ಊರು, ನಡುವೆ ಒಬ್ಬ, ಕೈಯಲ್ಲಿ ಒಂದು ಪೆಟ್ಟಿಗೆ.

ಸೇರದವರೂ ಇದ್ದರು. ಮನ್ಸಿ ಊರಿನ ಪತ್ರಕರ್ತ ಜಾರ್ಜ್ ಡೇಲ್ ಅವರನ್ನು ಇಲ್ಲಿ ಹೆಸರಿಸಲೇಬೇಕು. ಸಣ್ಣ ಪತ್ರಿಕೆ, ಜೇಬಲ್ಲಿ ದುಡ್ಡಿಲ್ಲ. ವಾರ ವಾರ ಕ್ಲಾನನ್ನು ಹೆಸರು ಹಿಡಿದು ಬೈದರು. ಜಾಹೀರಾತು ನಿಂತಿತು. ಮುಸುಕಿನವರು ಹಲ್ಲೆ ಮಾಡಿದರು. ನ್ಯಾಯಾಂಗ ನಿಂದನೆಯ ಕೇಸು ಹಾಕಿ ಜೈಲಿಗೂ ಕಳಿಸಿದರು. ಬರೆಯೋದನ್ನು ನಿಲ್ಲಿಸಲಿಲ್ಲ. 1929ರಲ್ಲಿ ಅದೇ ಊರಿನ ಜನ ಅವರನ್ನು ಮೇಯರ್ ಮಾಡಿದರು. ಸೌತ್ ಬೆಂಡ್‌ನಲ್ಲಿ ನೋತ್ರ್ ದಾಮ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಹುಡುಗರು 1924ರ ಮೇ ತಿಂಗಳಲ್ಲಿ ಕ್ಲಾನ್ ಸಭೆಗೆ ಬಂದವರ ನಿಲುವಂಗಿಗಳನ್ನು ಬೀದಿಯಲ್ಲೇ ಕಿತ್ತುಹಾಕಿದರು. ಷಿಕಾಗೋದಿಂದ ಕ್ಯಾಥೊಲಿಕ್ ವಕೀಲ ಪ್ಯಾಟ್ರಿಕ್ ಓಡಾನಲ್ ಬೇರೆ ದಾರಿ ಹಿಡಿದ. ಮೆಂಬರ್‌ಗಳ ಪಟ್ಟಿಯನ್ನೇ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ. ಜಾಣ ಏಟು ಅದು. ಗುಟ್ಟು ಹೋದರೆ ಗುಂಪಿನ ಅರ್ಧ ಸೊಗಸು ಹೋದಂತೆ.

ಬಿಟ್ಟಿದ್ದು ಯಾಕೆ

1924ರ ಚುನಾವಣೆಯಲ್ಲಿ ಕ್ಲಾನ್ ಬೆಂಬಲಿಸಿದ ಎಡ್ ಜಾಕ್ಸನ್ ರಾಜ್ಯಪಾಲನಾದ. ಅಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಗೆದ್ದು ಬಂದು ಆಡಳಿತ ನಡೆಸುವವನು. ಸ್ಟೀಫನ್‌ಸನ್ ಅಷ್ಟು ಹೊತ್ತಿಗೆ ಅಟ್ಲಾಂಟಾದವರ ಜೊತೆ ಜಗಳ ಮಾಡಿಕೊಂಡು ಬೇರೆಯಾಗಿದ್ದರೂ ಅವನ ಹಿಡಿತ ಸಡಿಲವಾಗಿರಲಿಲ್ಲ. "ಇಂಡಿಯಾನಾದಲ್ಲಿ ನಾನೇ ಕಾನೂನು" ಎಂದು ಹೇಳಿಕೊಂಡು ತಿರುಗಿದ. ಪಾನನಿಷೇಧದ ಭಾಷಣ ಮಾಡಿ ಮನೆಗೆ ಬಂದು ಕುಡಿಯುತ್ತಿದ್ದ. ಹೆಂಗಸರ ಮಾನ ಕಾಪಾಡುತ್ತೇವೆ ಎಂದು ಸಾವಿರಾರು ಜನರಿಂದ ಪ್ರಮಾಣ ಮಾಡಿಸಿದವನು ತನ್ನ ಹೆಂಡತಿಯರನ್ನು ಬಿಟ್ಟು ಬಂದಿದ್ದ.

1925ರ ಜನವರಿಯಲ್ಲಿ ಜಾಕ್ಸನ್ ಅಧಿಕಾರ ವಹಿಸಿಕೊಂಡ ಔತಣದಲ್ಲಿ ಸ್ಟೀಫನ್‌ಸನ್‌ಗೆ ಮ್ಯಾಜ್ ಓಬರ್‌ಹೋಲ್ಟ್ಸರ್ ಪರಿಚಯವಾಯಿತು. ಇಪ್ಪತ್ತೆಂಟು ವರ್ಷದ ಆಕೆ ಮಕ್ಕಳ ಓದಿನ ಒಂದು ಸರ್ಕಾರಿ ಯೋಜನೆಯಲ್ಲಿ ಕೆಲಸದಲ್ಲಿದ್ದಳು. ಮಾರ್ಚ್ 15ರ ರಾತ್ರಿ ಅವನು ಆಕೆಯನ್ನು ಕರೆಸಿಕೊಂಡು, ಬಲವಂತದಿಂದ ಷಿಕಾಗೋ ಕಡೆಯ ರೈಲಿಗೆ ಹತ್ತಿಸಿ, ಅತ್ಯಾಚಾರ ಮಾಡಿದ. ಆಕೆ ಪಾದರಸದ ವಿಷದ ಗುಳಿಗೆ ನುಂಗಿದಳು. ಅವನು ಆಕೆಯನ್ನು ಆಸ್ಪತ್ರೆಗೆ ಸೇರಿಸದೆ ಎರಡು ದಿನ ಇಟ್ಟುಕೊಂಡು ಆಮೇಲೆ ಮನೆಗೆ ಕಳಿಸಿದ. ಏಪ್ರಿಲ್ 14ರಂದು ಆಕೆ ತೀರಿಕೊಂಡಳು. ಅಷ್ಟರಲ್ಲಿ ನಡೆದದ್ದನ್ನೆಲ್ಲ ಹೇಳಿ, ಬರೆಸಿ, ಸಹಿ ಹಾಕಿದ್ದಳು. ನ್ಯೂಯಾರ್ಕಿನ ಪತ್ರಿಕೆ, ಸಂಸತ್ತಿನ ವಿಚಾರಣೆ, ಯಾವುದಕ್ಕೂ ಆಗದ್ದು ಆ ಒಂದು ಹೇಳಿಕೆಯಿಂದ ಆಯಿತು. ಸಾಯುತ್ತಾ ಮಲಗಿದ್ದ ಒಬ್ಬ ಹೆಣ್ಣುಮಗಳು ಎಷ್ಟು ಧೈರ್ಯ ಮಾಡಿದ್ದಳು!

ವಿಚಾರಣೆ ನಡೆದದ್ದು ನೋಬಲ್ಸ್‌ವಿಲ್‌ನಲ್ಲಿ. ಟ್ರಂಕು ಸಿಕ್ಕಿದ ಅದೇ ಊರು. ನವೆಂಬರ್ 14ರಂದು ಜ್ಯೂರಿ ಅವನನ್ನು ಕೊಲೆಗಾರ ಎಂದಿತು. ಜೀವಾವಧಿ ಶಿಕ್ಷೆ. ಜಾಕ್ಸನ್ ಕ್ಷಮಾದಾನ ಕೊಡುತ್ತಾನೆ ಎಂದು ಕಾದ. ಕೊಡಲಿಲ್ಲ. ಆಗ ಸಿಟ್ಟಿಗೆದ್ದು ಯಾರ್‍ಯಾರಿಗೆ ಎಷ್ಟೆಷ್ಟು ದುಡ್ಡು ಕೊಟ್ಟಿದ್ದ ಅನ್ನೋ ಕಾಗದಪತ್ರ ಹೊರಗೆ ಹಾಕಿದ. ಇಂಡಿಯಾನಾಪೊಲಿಸ್ ಟೈಮ್ಸ್ ಪತ್ರಿಕೆ ಅದನ್ನು ಬೆನ್ನುಹತ್ತಿ 1928ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಇಂಡಿಯಾನಾಪೊಲಿಸ್‌ನ ಮೇಯರ್ ಜೈಲಿಗೆ ಹೋದ. ಲಂಚದ ಕೇಸು ಹಾಕುವ ಕಾನೂನಿನ ಗಡುವು ಮುಗಿದಿದೆ ಎಂಬ ಕಾರಣಕ್ಕೆ ಜಾಕ್ಸನ್ ಪಾರಾದ.

ಎರಡೂವರೆ ಲಕ್ಷ ಇದ್ದ ಮೆಂಬರ್‌ಗಳು 1928ರ ಹೊತ್ತಿಗೆ ಕೆಲವೇ ಸಾವಿರಕ್ಕೆ ಇಳಿದರು. ನಿಲುವಂಗಿಗಳು ಟ್ರಂಕಿನ ತಳ ಸೇರಿದವು.

ಈಗ ನನ್ನನ್ನು ಕಾಡುವ ಮಾತಿಗೆ ಬರುತ್ತೇನೆ. ಇವರು ಕ್ಲಾನ್ ಬಿಟ್ಟಿದ್ದು ಕ್ಯಾಥೊಲಿಕರ ಬಗ್ಗೆ, ಕಪ್ಪು ಜನರ ಬಗ್ಗೆ, ಯೆಹೂದಿಗಳ ಬಗ್ಗೆ ಮನಸ್ಸು ಬದಲಾಯಿತೆಂದಲ್ಲ. ನಮ್ಮ ನಾಯಕ ಮೋಸಗಾರ, ನಮ್ಮ ದುಡ್ಡು ತಿಂದ, ನಮಗೆ ಅವಮಾನ ಆಯಿತು ಎಂದು ಬಿಟ್ಟರು. ಹೆಚ್ಚಿನವರು ಸೇರುವಾಗ ದ್ವೇಷಕ್ಕಾಗಿ ಸೇರಲಿಲ್ಲ. ಬಿಡುವಾಗಲೂ ದ್ವೇಷದ ಕಾರಣಕ್ಕೆ ಬಿಡಲಿಲ್ಲ. ಬರುವಾಗಲೂ ಹೋಗುವಾಗಲೂ ಯಾರೂ ಅದನ್ನು ಮುಟ್ಟಿ ನೋಡಲಿಲ್ಲ. ಅದು ಇದ್ದಲ್ಲೇ ಉಳಿಯಿತು.

ಉಳಿದದ್ದಕ್ಕೆ ಗುರುತುಗಳಿವೆ. 1927ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕ್ರಿಸ್ಪಸ್ ಆಟಕ್ಸ್ ಹೈಸ್ಕೂಲ್ ತೆರೆದರು. ಅಲ್ಲಿಯವರೆಗೆ ಬಿಳಿ ಮಕ್ಕಳ ಜೊತೆ ಒಂದೇ ಹೈಸ್ಕೂಲಿನಲ್ಲಿ ಓದುತ್ತಿದ್ದ ಕಪ್ಪು ಮಕ್ಕಳನ್ನು ಬೇರೆ ಮಾಡಿ ಅಲ್ಲಿಗೆ ಕಳಿಸಿದರು. ಕ್ಲಾನ್ ಕುಸಿದ ಮೇಲೆ ತೆರೆದ ಬಾಗಿಲು ಅದು. ಕ್ಲಾನ್ ಜೋರಾಗಿ ಬೆಂಬಲಿಸಿದ್ದ 1924ರ ವಲಸೆ ಕಾನೂನು ನಮ್ಮವರಿಗೂ ತಟ್ಟಿತು. ಭಾರತೀಯರು ಅಮೆರಿಕದ ಪ್ರಜೆಗಳಾಗುವಂತಿಲ್ಲ ಎಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಪ್ರಜೆಯಾಗಲು ಅರ್ಹರಲ್ಲದವರು ವಲಸೆಯನ್ನೂ ಬರುವಂತಿಲ್ಲ ಎಂದು ಮರುವರ್ಷದ ಕಾನೂನು, 1917ರಲ್ಲೇ ಹೆಚ್ಚುಕಡಿಮೆ ಮುಚ್ಚಿದ್ದ ಬಾಗಿಲಿಗೆ ಬೀಗ ಹಾಕಿತು. 1946ರಲ್ಲಿ ಒಂದು ಚೂರು ತೆರೆದು, ಸರಿಯಾಗಿ ತೆರೆದದ್ದು 1965ರಲ್ಲಿ. ಇವತ್ತು ನೋಬಲ್ಸ್‌ವಿಲ್ ಇರುವ ಅದೇ ಹ್ಯಾಮಿಲ್ಟನ್ ಕೌಂಟಿಯ ಕಾರ್ಮೆಲ್, ಫಿಶರ್ಸ್ ಊರುಗಳಲ್ಲಿ ಭಾರತೀಯ ಮನೆಗಳು ಎಷ್ಟೋ ಇವೆ, ಕನ್ನಡ ಮಾತಾಡುವ ಮನೆಗಳೂ ಇವೆ.

ಮತ್ತೆ 1930ರ ಆಗಸ್ಟ್ 7. ಕೊಕೊಮೊದಿಂದ ಹೆಚ್ಚು ದೂರವಿಲ್ಲದ ಮ್ಯಾರಿಯನ್ ಊರು. ಥಾಮಸ್ ಶಿಪ್, ಏಬ್ರಮ್ ಸ್ಮಿತ್ ಎಂಬ ಇಬ್ಬರು ಕಪ್ಪು ಯುವಕರನ್ನು ಗುಂಪು ಜೈಲಿನಿಂದ ಎಳೆದು ತಂದು ಕೋರ್ಟಿನ ಅಂಗಳದ ಮರಕ್ಕೆ ನೇತುಹಾಕಿತು. ಜೇಮ್ಸ್ ಕ್ಯಾಮರೂನ್ ಎಂಬ ಹದಿನಾರರ ಹುಡುಗ ಕುತ್ತಿಗೆಗೆ ಹಗ್ಗ ಬಿದ್ದ ಮೇಲೂ ಹೇಗೋ ಬದುಕಿದ. ಊರಿನ ಸ್ಟುಡಿಯೋದವನು ಫೋಟೋ ತೆಗೆದ. ಆ ಫೋಟೋದಲ್ಲಿ ಕೆಳಗೆ ನಿಂತವರ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಕೆಲವರು ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಅಲ್ಲಿ ಒಂದೂ ಮುಸುಕಿಲ್ಲ. ಅದಕ್ಕೆ ಯಾರೂ ಫೀಸು ಕೊಡಬೇಕಾಗಿರಲಿಲ್ಲ, ಪ್ರಮಾಣ ಮಾಡಬೇಕಾಗಿರಲಿಲ್ಲ. ಕೊಲೆ ಮಾಡಿದ್ದಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಇದಾಗಿ ಐವತ್ತು ವರ್ಷ ಕಳೆದ ಮೇಲೆ, ಸಮಾಜಶಾಸ್ತ್ರಜ್ಞೆ ಕ್ಯಾಥ್ಲೀನ್ ಬ್ಲೀ ಇಂಡಿಯಾನಾದಲ್ಲಿ ಹೆಂಗಸರ ಕ್ಲಾನ್ ಸೇರಿದ್ದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಆಗ ಅವರೆಲ್ಲ ಹಣ್ಣು ಹಣ್ಣು ಮುದುಕಿಯರು. ಮುಚ್ಚಿಡುತ್ತಾರೆ, ನಾಚಿಕೆ ಪಡುತ್ತಾರೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಜನ ಖುಷಿಯಿಂದಲೇ ನೆನೆಸಿಕೊಂಡರು. ಪಿಕ್‌ನಿಕ್ಕು, ಹಾಡು, ಮೆರವಣಿಗೆ, ಗೆಳತಿಯರು. ಕ್ಯಾಥೊಲಿಕರ ವಿಷಯ ಎತ್ತಿದರೆ, ಅವರ ಮೇಲೆ ನಮಗೇನೂ ಸಿಟ್ಟಿರಲಿಲ್ಲ, ಪಕ್ಕದ ಮನೆಯವರು ಕ್ಯಾಥೊಲಿಕರೇ, ಒಳ್ಳೇ ಜನ ಎನ್ನುವ ಧಾಟಿಯ ಮಾತು.